ಲ್ಯಾಟಿನ್ನಿನ ‘ಕ್ರೇದೋ’ ಮತ್ತು ನಮ್ಮ ಶ್ರದ್ಧೆ: ನಂಟು ನಿಜವೇ?

ಹಳೇ ಕಾರ್ಯದರ್ಶಿ:

ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತೊಂದು ವರ್ಷ ಸಾಲದ ಅರ್ಜಿ, ಜಾಮೀನು, ವಸೂಲಿ ಎಂದು ಸವೆದು ನಿವೃತ್ತನಾದವನು ನಾನು. ಭಾಷಾವಿಜ್ಞಾನ ಓದಿದವನಲ್ಲ. ಮೊನ್ನೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಷಡ್ಡಕ ಒಂದು ಸಂದೇಶ ಹಾಕಿದ: ‘ಕ್ರೆಡಿಟ್ ಎಂಬ ಪದ ಲ್ಯಾಟಿನ್ನಿನ ಕ್ರೇದೋ (ನಂಬುತ್ತೇನೆ) ಎಂಬ ಕ್ರಿಯಾಪದದಿಂದ ಬಂತು, ಅದು ಸಂಸ್ಕೃತದ ಶ್ರದ್ಧಾದಿಂದ ಬಂತು, ಹೆಮ್ಮೆಯಿಂದ ಹಂಚಿಕೊಳ್ಳಿ.’ ಇಂಥವು ದಿನಕ್ಕೆ ನಾಲ್ಕು ಬರುತ್ತವೆ, ಅಳಿಸಿ ಕಾಫಿ ಕುಡಿಯುತ್ತೇನೆ. ಇದೊಂದನ್ನು ಅಳಿಸಲು ಕೈ ಬರಲಿಲ್ಲ. ಯಾರಿಗೆ ಎಷ್ಟು ಪತ್ತು ಕೊಡಬಹುದು ಎಂದು ಲೆಕ್ಕ ಹಾಕುತ್ತಲೇ ತಲೆ ನರೆತವನಿಗೆ, ಆ ಪದದ ಹಿಂದೆ ಶ್ರದ್ಧೆ ನಿಂತಿದೆ ಎಂದರೆ ಮನಸ್ಸು ತುಸು ಹಿಗ್ಗುತ್ತದೆ. ಅನುಮಾನ ಬಂದದ್ದೂ ಅದಕ್ಕೇ. ಓದಿ ಹಿತವೆನಿಸಿದ ಕಾಗದವನ್ನು ಇನ್ನೊಮ್ಮೆ ಓದು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು.

‘ಕ್ರ’ ಎಲ್ಲಿ, ‘ಶ್ರ’ ಎಲ್ಲಿ? ಕಿವಿಗೆ ಹೋಲಿದ್ದನ್ನೆಲ್ಲ ನೆಂಟರು ಎನ್ನುವುದಾದರೆ ನಮ್ಮ ಕೊಡೆಗೂ ಕಂಪ್ಯೂಟರಿನ ಕೋಡಿಗೂ ಮದುವೆ ಮಾಡಿಸಬಹುದು. ತಿಳಿದವರು ದಯವಿಟ್ಟು ಹೇಳಿ.

ಧಾತುಪಾಠ:

ಕಾರ್ಯದರ್ಶಿಗಳೇ, ನಿಮ್ಮ ಷಡ್ಡಕರ ಸಂದೇಶ ಮುಕ್ಕಾಲು ನಿಜ. ಉಳಿದ ಕಾಲು ಭಾಗದಲ್ಲಿ ದೊಡ್ಡ ತಪ್ಪಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ಕ್ರ’ ಮತ್ತು ‘ಶ್ರ’. ಇಲ್ಲಿ ಕಿವಿಯನ್ನು ನಂಬಬೇಡಿ, ಸಾಲನ್ನು ನೋಡಿ. ಸಂಸ್ಕೃತದ ಶತಕ್ಕೆ ಲ್ಯಾಟಿನ್ನಿನಲ್ಲಿ ಕೆಂಟುಮ್. ದಶಕ್ಕೆ ದೆಕೆಮ್. ನಾಯಿ ಎಂಬರ್ಥದ ಶ್ವನ್‌ಗೆ ಕಾನಿಸ್. ಇಂಥ ಕಡೆ ಸಂಸ್ಕೃತದ ‘ಶ’ಕ್ಕೆ ಲ್ಯಾಟಿನ್ನಿನಲ್ಲಿ ‘ಕ’ ನಿಲ್ಲುವುದು ನೂರಕ್ಕೂ ಹೆಚ್ಚು ವರ್ಷದಿಂದ ಲೆಕ್ಕ ಸರಿಬಂದಿರುವ ಖಾತೆ. ಹಾಗಾಗಿ ಶ್ರದ್ ಎಂಬುದಕ್ಕೆ ಅಲ್ಲಿ ಕ್ರೆದ್ ಎಂದೇ ಇರಬೇಕು. ಇದೆ.

ಇನ್ನು ಎರಡನೆಯ ತುಂಡು. ಶ್ರದ್ಧಾ ಎಂದರೆ ಶ್ರದ್ ಮತ್ತು ಧಾ. ಧಾ ಎಂದರೆ ಇಡು. ಮೂಲದ ‘ಧ’ ಲ್ಯಾಟಿನ್ನಿನಲ್ಲಿ ಎರಡು ವೇಷ ಹಾಕುತ್ತದೆ. ಪದದ ಬಾಯಿಯಲ್ಲಿದ್ದರೆ ‘ಫ’: ನಮ್ಮ ಧೂಮ ಅಲ್ಲಿ ಫೂಮುಸ್. ಹೊಟ್ಟೆಯಲ್ಲಿದ್ದರೆ ಸಾಮಾನ್ಯವಾಗಿ ‘ದ’: ನಮ್ಮ ಮಧ್ಯ ಅಲ್ಲಿ ಮೆದಿಯುಸ್. ಅದೇ ಧಾ ಒಂಟಿಯಾಗಿ ನಿಂತಾಗ ಫಾಕಿಯೋ, ಅಂದರೆ ಮಾಡುತ್ತೇನೆ. ಕ್ರೇದೋದ ಬಾಲದಲ್ಲಿ ಅಡಗಿ ಕುಳಿತಾಗ ‘ದೋ’. ಕ್ರೆಡಿಟ್ಟಿನ ‘ಡ್’ ಮತ್ತು ಫ್ಯಾಕ್ಟರಿಯ ‘ಫ್ಯಾ’ ಒಂದೇ ತಾಯಿಯ ಮಕ್ಕಳು ಎಂದರೆ ಯಾವ ಕಿವಿ ಒಪ್ಪೀತು? ಆದರೂ ನಿಜ. ಹಳೆಯ ಐರಿಷ್ ಭಾಷೆಯಲ್ಲೂ ನಂಬು ಎಂಬುದಕ್ಕೆ ಇದೇ ಪದವಿದೆ: ಕ್ರೆತಿದ್.

ಹೆಮ್ಮೆಯ ಕನ್ನಡಿಗ:

ಅಲ್ಲಿಗೆ ಸಂಸ್ಕೃತವೇ ಮೂಲ ಎಂದು ನೀವೇ ಒಪ್ಪಿದಂತಾಯಿತು. ಋಗ್ವೇದ ಲ್ಯಾಟಿನ್ ಬರಹಕ್ಕಿಂತ ಹಳೆಯದು. ಹಳೆಯದರಿಂದ ಹೊಸದು ಬರುತ್ತದೆ. ಇದರಲ್ಲಿ ಮುಚ್ಚುಮರೆ ಏಕೆ?

ಧಾತುಪಾಠ:

ಮುಚ್ಚುಮರೆ ಇಲ್ಲ, ಬಿಚ್ಚಿಯೇ ಹೇಳುತ್ತೇನೆ. ದೊಡ್ಡಪ್ಪ ನನ್ನ ತಂದೆಗಿಂತ ಮೊದಲು ಹುಟ್ಟಿದವರು, ಹಾಗೆಂದು ನಾನು ದೊಡ್ಡಪ್ಪನ ಮಗನಾಗುವುದಿಲ್ಲ.

ಲ್ಯಾಟಿನ್ನಿನ ದೆಕೆಮ್‌ನಲ್ಲಿ ‘ಎ’ ಇದೆ, ನೂರೆಂಟು ಬೇರೆ ಪದಗಳಲ್ಲಿ ‘ಒ’ ಇದೆ, ‘ಅ’ ಇದೆ. ಈ ಮೂರೂ ಜಾಗದಲ್ಲಿ ಸಂಸ್ಕೃತದ್ದು ಬಹುತೇಕ ಒಂದೇ ‘ಅ’. ಮೂರು ಬಣ್ಣ ಬೆರೆತು ಒಂದಾಗಬಹುದು. ಬೆರೆತ ಒಂದರಿಂದ ಮತ್ತೆ ಅವೇ ಮೂರನ್ನು, ಅದೂ ಗ್ರೀಕಿಗೆ ಹೊಂದುವಂತೆಯೇ, ಬೇರ್ಪಡಿಸಿ ತೆಗೆಯಲು ಬರುವುದಿಲ್ಲ. ಸಂಸ್ಕೃತಕ್ಕೂ ಒಂದು ಕಾಲದಲ್ಲಿ ‘ಎ’ ಇತ್ತು ಎನ್ನಲು ಅದರ ಮೈಮೇಲೆಯೇ ಗುರುತಿದೆ. ನಮ್ಮ ‘ಚ’ (ಮತ್ತು ಎಂಬರ್ಥದ್ದು) ಲ್ಯಾಟಿನ್ನಿನಲ್ಲಿ ಕ್ವೆ. ಪಂಚ ಅಲ್ಲಿ ಕ್ವಿಂಕ್ವೆ. ಎದುರಿಗೆ ‘ಎ’ ಇದ್ದದ್ದರಿಂದಲೇ ಸಂಸ್ಕೃತದ ಹಳೆಯ ‘ಕ’ ಮೆತ್ತಗಾಗಿ ‘ಚ’ ಆಯಿತು. ಆಮೇಲೆ ಆ ‘ಎ’ ಸವೆದು ‘ಅ’ ಆಯಿತು. ಕಳ್ಳ ಹೋದ, ಹೆಜ್ಜೆ ಉಳಿಯಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಹೃದಯವನ್ನೇ ತೆಗೆದುಕೊಳ್ಳಿ. ಲ್ಯಾಟಿನ್ ಕೋರ್, ಷಷ್ಠಿಯಲ್ಲಿ ಕೋರ್ದಿಸ್. ಗ್ರೀಕ್ ಕಾರ್ದಿಯಾ. ಮೇಲಿನ ಸಾಲಿನ ಪ್ರಕಾರ ಸಂಸ್ಕೃತದಲ್ಲಿ ಶೃದ್ ಇರಬೇಕಿತ್ತು. ಇರುವುದು ಹೃದ್. ದಾರಿ ಬಿಟ್ಟಿರುವುದು ಸಂಸ್ಕೃತ ಮತ್ತು ಅದರ ಇರಾನಿ ಸೋದರ ಭಾಷೆಗಳು. ಈ ಒಂದು ಪದದಲ್ಲಿ ಹಳೆಯ ದನಿಯನ್ನು ಉಳಿಸಿಕೊಂಡಿರುವುದು ಲ್ಯಾಟಿನ್. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಅಲ್ಲಿನ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಂಸ್ಕೃತವನ್ನು ಬಾಯ್ತುಂಬ ಹೊಗಳಿದ. ಅದೇ ಉಸಿರಿನಲ್ಲಿ, ಈ ಭಾಷೆಗಳೆಲ್ಲ ಬಹುಶಃ ಈಗ ಉಳಿದಿಲ್ಲದ ಒಂದು ಮೂಲದಿಂದ ಬಂದಿರಬೇಕು ಎಂದ. ಫಾರ್ವರ್ಡ್ ಮಾಡುವವರು ಮೊದಲ ಅರ್ಧವನ್ನು ಮಾತ್ರ ಕತ್ತರಿಸಿಟ್ಟುಕೊಂಡಿದ್ದಾರೆ.

ಪದಪಾಠ:

ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳುವವಳು ನಾನು. ಒಂದು ಮಂತ್ರವನ್ನು ಇಲ್ಲಿ ಇಡದೆ ಈ ಚರ್ಚೆ ಮುಂದೆ ಹೋಗಬಾರದು. ಋಗ್ವೇದದ ಎರಡನೆಯ ಮಂಡಲ, ಹನ್ನೆರಡನೆಯ ಸೂಕ್ತ, ಐದನೆಯ ಋಕ್ಕು. ‘ಯಂ ಸ್ಮಾ ಪೃಚ್ಛಂತಿ ಕುಹ ಸೇತಿ’, ಎಲ್ಲಿದ್ದಾನೆ ಅವನು ಎಂದು ಜನ ಯಾರ ಬಗ್ಗೆ ಕೇಳುತ್ತಾರೋ, ‘ನೈಷೋ ಅಸ್ತಿ’, ಅವನು ಇಲ್ಲವೇ ಇಲ್ಲ ಎಂದೂ ಯಾರ ಬಗ್ಗೆ ಹೇಳುತ್ತಾರೋ, ‘ಶ್ರದಸ್ಮೈ ಧತ್ತ ಸ ಜನಾಸ ಇಂದ್ರಃ’. ಜನರೇ, ಅವನಿಗೆ ಶ್ರದ್ ಇಡಿ, ಅವನೇ ಇಂದ್ರ.

ಶ್ರದ್ ಅಸ್ಮೈ ಧತ್ತ. ಶ್ರದ್ ಒಂದು ಕಡೆ, ಧತ್ತ ಒಂದು ಕಡೆ, ನಡುವೆ ‘ಅವನಿಗೆ’ ಕುಳಿತಿದೆ. ಇನ್ನೂ ಬೆಸುಗೆ ಬಿದ್ದಿಲ್ಲ. ಲ್ಯಾಟಿನ್ನಿನಲ್ಲಿ ಈ ಎರಡು ತುಂಡುಗಳು ಅಂಟಿಕೊಂಡು ಎಷ್ಟು ಕಾಲವಾಗಿತ್ತೆಂದರೆ ರೋಮನ್ನರಿಗೆ ಕೀಲು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ನಮ್ಮಲ್ಲಿ ಕೀಲು ಆಡುತ್ತಿತ್ತು. ಗಮನಿಸಿ, ‘ಅವನನ್ನು’ ಅಲ್ಲ, ‘ಅವನಿಗೆ’: ಚತುರ್ಥೀ ವಿಭಕ್ತಿ.

ಇನ್ನೊಂದು ಮಾತು. ಶ್ರದ್ ಎಂದರೆ ಹೃದಯ ಎನ್ನುವ ವಿದ್ವಾಂಸರಿದ್ದಾರೆ, ಆದರೆ ನಮ್ಮ ನಿಘಂಟುಕಾರರಿಗೆ ಶ್ರತ್ (ಶ್ರದ್‌ನ ಇನ್ನೊಂದು ರೂಪ) ಎಂದರೆ ಹೃದಯವಲ್ಲ. ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕರ ನಿರುಕ್ತಕ್ಕೆ ಆಧಾರವಾದ ನಿಘಂಟುವಿನಲ್ಲಿ ಬಟ್, ಶ್ರತ್, ಸತ್ರಾ, ಅದ್ಧಾ, ಇತ್ಥಾ, ಋತಮ್ ಎಂಬ ಆರನ್ನು ಸತ್ಯದ ಹೆಸರುಗಳೆಂದು ಪಟ್ಟಿ ಮಾಡಿದ್ದಾರೆ. ಅವರ ಪ್ರಕಾರ ಶ್ರದ್ಧೆ ಎಂದರೆ ಸತ್ಯವೆಂದು ಇಟ್ಟುಕೊಳ್ಳುವುದು. ಶ್ರಾದ್ಧವೂ ಇದರ ಮಗುವೇ, ಶ್ರದ್ಧೆಯಿಂದ ಮಾಡುವಂಥದ್ದು. ಮಹಾಪ್ರಾಣ ಬಿಟ್ಟು ‘ಶ್ರದ್ದೆ’ ಎಂದು ಬರೆಯುವ ಮಕ್ಕಳಿಗೆ ನಾನು ಹೇಳುವುದು, ಆ ಮಹಾಪ್ರಾಣದಲ್ಲಿ ಒಂದು ಇಡೀ ಕ್ರಿಯಾಪದ ಇದೆ, ಬೀಳಿಸಬೇಡಿ ಎಂದು.

ಪೂಜೆಯ ಹುಡುಗ:

ನಮಸ್ಕಾರ. ಮಂಗಳೂರಿನವನು, ಎಂಬತ್ತರ ಹತ್ತಿರ ಬಂದಿದ್ದೇನೆ. ಕ್ಯಾಥೊಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ನಾನು ಬಲಿಪೀಠದ ಹುಡುಗ. ‘ಕ್ರೇದೋ ಇನ್ ಊನುಮ್ ದೇಉಮ್’ ಎಂದು ಗುರುಗಳು ಎತ್ತುತ್ತಿದ್ದರು, ಗಾಯನ ಮಂಡಳಿ ಹಿಡಿಯುತ್ತಿತ್ತು. ಅರ್ಥ ಗೊತ್ತಿಲ್ಲದೆ ಕಣ್ಣುಮುಚ್ಚಿ ಹಾಡಿದ್ದೇನೆ. ಅದೇ ವಿಶ್ವಾಸಪ್ರಕಟಣೆಯನ್ನು ಕೊಂಕಣಿಯಲ್ಲಿ ಹೇಳುವಾಗ ನಾವು ‘ಸತ್ ಮಾನ್ತಾಂ’ ಎನ್ನುತ್ತೇವೆ, ಸತ್ಯವೆಂದು ಒಪ್ಪುತ್ತೇನೆ ಎಂದು. ಮೇಲೆ ಟೀಚರು ಬರೆದ ಸತ್ಯದ ಪಟ್ಟಿ ಓದಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ.

ಆಮೇಲೆ ಸೆಮಿನರಿಯಲ್ಲಿ ಮೂರು ವರ್ಷ ಲ್ಯಾಟಿನ್ ಕಲಿತೆ, ವ್ರತ ತೆಗೆದುಕೊಳ್ಳದೆ ಮನೆಗೆ ಬಂದೆ, ವ್ಯಾಕರಣ ಮಾತ್ರ ಉಳಿಯಿತು. ಕ್ರೇದೋಗೆ ಅಲ್ಲೂ ಚತುರ್ಥಿಯೇ. ‘ತಿಬಿ ಕ್ರೇದೋ’, ನಿನಗೆ ನಂಬುತ್ತೇನೆ. ಕನ್ನಡದಲ್ಲಿ ಹಾಗೆ ಹೇಳಿದರೆ ನಗುತ್ತಾರೆ, ಆದರೆ ಋಕ್ಕಿನ ‘ಅಸ್ಮೈ’ಗೆ ಇದು ಹೇಗೆ ಜೋಡಿಯಾಗಿದೆ ನೋಡಿ. ‘ಪೆಕೂನಿಯಾಮ್ ತಿಬಿ ಕ್ರೇದೋ’ ಎಂದರೆ ಹಣವನ್ನು ನಿನ್ನ ಕೈಗೆ ನಂಬಿ ಕೊಡುತ್ತೇನೆ, ಸಾಲ ಕೊಡುತ್ತೇನೆ. ಹಾಗೆ ಕೊಟ್ಟದ್ದು ಕ್ರೇದಿತುಮ್. ಅಲ್ಲಿಂದಲೇ ಕಾರ್ಯದರ್ಶಿಗಳ ಕ್ರೆಡಿಟ್. ದೇವರ ಮಾತಿಗೂ ದುಡ್ಡಿನ ಮಾತಿಗೂ ರೋಮನ್ನರಿಗೆ ಒಂದೇ ಕ್ರಿಯಾಪದ ಸಾಕಾಗಿತ್ತು.

‘ಇನ್’ ಸೇರಿಸಿ ಹೇಳುವ ‘ಕ್ರೇದೋ ಇನ್’ ಹಳೆಯ ರೋಮನ್ನರ ರೂಢಿಯಲ್ಲ, ಕ್ರೈಸ್ತರ ಲ್ಯಾಟಿನ್. ಸಂತ ಅಗಸ್ಟೀನರು ಈ ವ್ಯತ್ಯಾಸವನ್ನು ಹಿಡಿದು ಬರೆದಿದ್ದಾರೆ: ದೆವ್ವಗಳೂ ಕ್ರಿಸ್ತನ ಮಾತನ್ನು ನಂಬಿದವು, ಆದರೆ ಅವನಲ್ಲಿ ವಿಶ್ವಾಸ ಇಡಲಿಲ್ಲ ಎಂದು. ವಿಭಕ್ತಿ ಪ್ರತ್ಯಯದ ಮೇಲೆ ಇಷ್ಟು ಭಾರ ಹೇರಿದವರು ಬೇರೆ ಯಾರಿದ್ದಾರೋ!

ಹಳೇ ಕಾರ್ಯದರ್ಶಿ:

ಎಲ್ಲರಿಗೂ ವಂದನೆ. ಹಾಗಾದರೆ ಶ್ರದ್ ಎಂದರೆ ಹೃದಯವೋ, ಸತ್ಯವೋ? ಅರ್ಜಿಯಲ್ಲಿ ಎರಡು ಹೆಸರಿದ್ದರೆ ನಾನು ಸಹಿ ಹಾಕುವುದಿಲ್ಲ.

ಧಾತುಪಾಠ:

ಸಹಿ ಸುಲಭವಲ್ಲ. ‘ಇಡು’ ಎಂಬ ಎರಡನೆಯ ಅರ್ಧದಲ್ಲಿ ಯಾರಿಗೂ ತಕರಾರಿಲ್ಲ. ಜಗಳವೆಲ್ಲ ಮೊದಲ ಅರ್ಧದ್ದು: ಏನನ್ನು ಇಡುವುದು?

ಹೃದಯದ ಪಕ್ಷ ಹಳೆಯದು. ಮಧ್ಯಯುಗದ ಯುರೋಪಿನ ಪಂಡಿತರು ಕ್ರೇದೋ ಎಂದರೆ ‘ಕೋರ್ ದೋ’, ಹೃದಯ ಕೊಡುತ್ತೇನೆ, ಎಂದು ಬಿಡಿಸುತ್ತಿದ್ದರು. ಅದು ಪದ ಒಡೆದು ಆಟವಾಡಿದ್ದಷ್ಟೇ, ನಮ್ಮಲ್ಲೂ ಹರಿಕಥೆಯಲ್ಲಿ ಮಾಡುವಂತೆ. ಆದರೆ ಕಣ್ಣುಕಟ್ಟಿಕೊಂಡು ಎಸೆದ ಕಲ್ಲು ಮಾವಿನಕಾಯಿಗೆ ತಾಗಿತೋ ಎಂಬಂತೆ, ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಧ್ವನಿನಿಯಮ ಹಿಡಿದು ಬಂದು ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟಿದರು. ಹೃದಯದ ನಿಯಮಬದ್ಧ ರೂಪ ಶೃದ್ ಎಂದಿರಬೇಕಿತ್ತು ಎಂದೆನಲ್ಲ? ಆ ಕಳೆದುಹೋದ ದನಿ ಶ್ರದ್‌ನಲ್ಲಿ ಮಾತ್ರ ಉಳಿದಿದೆ ಎನ್ನುತ್ತಾರೆ ಇವರು. ಹೃದಯಕ್ಕೆ ಹೊಸ ಉಚ್ಚಾರ ಬಂದಾಗ ಶ್ರದ್ ಹಳೆಯ ಮನೆಯಲ್ಲೇ ಉಳಿದುಬಿಟ್ಟಿತು, ನಂಟು ಮರೆತೇಹೋಯಿತು. ಅದಕ್ಕೇ ಯಾಸ್ಕರ ಕಾಲದವರು ಅದನ್ನು ಸತ್ಯದ ಪಟ್ಟಿಗೆ ಸೇರಿಸಿದ್ದಿರಬೇಕು ಎಂದು ನನ್ನ ಎಣಿಕೆ.

ಎದುರು ಪಕ್ಷಕ್ಕೆ ವಕೀಲ ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ಟ್. 1969ರಲ್ಲಿ ಇಂಡೋ-ಯುರೋಪಿಯನ್, ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಈ ಬಳಗದ, ಸಾಮಾಜಿಕ ಸಂಸ್ಥೆಗಳ ಶಬ್ದಕೋಶ ಕುರಿತು ಬರೆದ ಗ್ರಂಥದಲ್ಲಿ ಈ ಕ್ರಿಯಾಪದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಆ ಕಾಲದ ಭಾಷೆಗಳಲ್ಲಿ ಹೃದಯ ಒಂದು ಅಂಗ, ಧೈರ್ಯದ, ಯೋಚನೆಯ ಜಾಗ. ಅದನ್ನು ತೆಗೆದು ಇನ್ನೊಬ್ಬನಲ್ಲಿ ಇಡುವ ಮಾತು ಬೇರೆಲ್ಲೂ ಕಾಣುವುದಿಲ್ಲ ಎಂದು ಅವನ ಆಕ್ಷೇಪ. ಅವನ ಪ್ರಕಾರ ಇಡುವುದು ಒಂದು ಒತ್ತೆ, ಪಣ. ಮನುಷ್ಯ ದೇವರ ಪಕ್ಷದಲ್ಲಿ ಒತ್ತೆ ಇಡುತ್ತಾನೆ, ದೇವರು ಅದನ್ನು ಗೆಲುವಾಗಿ, ಸಂಪತ್ತಾಗಿ ತಿರುಗಿಸಿ ಕೊಡುತ್ತಾನೆ. ಕೊಟ್ಟದ್ದು ಮರಳಿ ಬರುತ್ತದೆ ಎಂಬ ಲೆಕ್ಕ ಮೊದಲಿನಿಂದಲೂ ಅದರೊಳಗಿತ್ತು. ಸಾಲದ ಅರ್ಥ ಆಮೇಲೆ ಅಂಟಿದ್ದಲ್ಲ.

ಪದಪಾಠ:

ಬೆನ್ವೆನಿಸ್ಟರಿಗೆ ಹತ್ತನೆಯ ಮಂಡಲದ ಶ್ರದ್ಧಾಸೂಕ್ತವನ್ನು ತೋರಿಸಬೇಕು. ನೂರೈವತ್ತೊಂದನೆಯ ಸೂಕ್ತ, ನಾಲ್ಕನೆಯ ಋಕ್ಕು: ‘ಶ್ರದ್ಧಾಂ ಹೃದಯ್ಯಯಾಕೂತ್ಯಾ ಶ್ರದ್ಧಯಾ ವಿಂದತೇ ವಸು’. ಹೃದಯದ ಸಂಕಲ್ಪದಿಂದ ಶ್ರದ್ಧೆ, ಶ್ರದ್ಧೆಯಿಂದ ಸಂಪತ್ತು. ಹೃದಯ ಇದೆಯಲ್ಲ!

ಧಾತುಪಾಠ:

ವಸುವೂ ಇದೆ, ಟೀಚರೇ. ಇಬ್ಬರೂ ವಕೀಲರು ಒಂದೇ ಸಾಲನ್ನು ಸಾಕ್ಷಿಗೆ ಕರೆಯುತ್ತಾರೆ. ಕವಿ ಶ್ರದ್ಧೆಯ ಪಕ್ಕದಲ್ಲಿ ಹೃದಯವನ್ನು ಇಟ್ಟ ಎಂದರೆ ಆ ಪದ ಹೃದಯದಿಂದ ಹುಟ್ಟಿತು ಎಂದಾಗುವುದಿಲ್ಲ. ಎರಡರ ಸಹವಾಸ ಅವನಿಗೆ ಸಹಜವಾಗಿತ್ತು ಎಂದಷ್ಟೇ ಆಗುತ್ತದೆ.

ನನ್ನ ಕಣ್ಣಿಗೆ ಹೆಚ್ಚು ತೂಕದ ಸಾಕ್ಷಿ ಇರಾನಿನದು. ಪಾರ್ಸಿಗಳ ಹಳೆಯ ಧರ್ಮಗ್ರಂಥದ ಭಾಷೆಯಾದ ಅವೆಸ್ತದಲ್ಲಿ ಶ್ರದ್ಧೆಗೆ ಸಮನಾದ ಪದ ಜ್ರಜ್ದಾ. ಈ ‘ಜ’ ಉರ್ದು ಬಲ್ಲವರು ಜಮೀನು ಎನ್ನುವಾಗಿನ ‘ಜ’. ನಮ್ಮ ಶತ ಅಲ್ಲಿ ಸತ, ಆದ್ದರಿಂದ ಇದು ಸ್ರಜ್ದಾ ಎಂದು ಶುರುವಾಗಬೇಕಿತ್ತು. ‘ಸ’ ಹೋಗಿ ‘ಜ’ ಬಂದದ್ದು ಎಲ್ಲಿಂದ? ಅವರ ಹೃದಯ ಜೆರೆದ್. ಅದೇ ‘ಜ’. ಅಂದರೆ ಅವೆಸ್ತ ಆಡುತ್ತಿದ್ದವರ ಕಿವಿಗೆ ಈ ಪದದೊಳಗೆ ಹೃದಯ ಕೇಳಿಸುತ್ತಿತ್ತು, ಅದಕ್ಕೆ ತಕ್ಕಂತೆ ಪದವನ್ನು ತಿದ್ದಿಕೊಂಡರು. ಇದೂ ಹುಟ್ಟಿನ ಪ್ರಮಾಣಪತ್ರವಲ್ಲ, ಆದರೆ ಹಳೆಯ ನೆರೆಯವರ ಹೇಳಿಕೆ.

ಇಂದಿನ ಹೆಚ್ಚಿನ ನಿರುಕ್ತಿ ನಿಘಂಟುಗಳು ಹೃದಯದ ಕಡೆಗೇ ವಾಲಿವೆ. ಒಂದು ಮುಳ್ಳು ಮಾತ್ರ ಉಳಿದಿದೆ. ಹೃದಯದ ಮೂಲರೂಪ ‘ಕೆರ್ದ್’ ಮಾದರಿಯದು, ಸ್ವರ ‘ರ’ಕ್ಕಿಂತ ಮುಂಚೆ. ನಮ್ಮ ಕ್ರಿಯಾಪದದಲ್ಲಿ ‘ಕ್ರೆದ್’, ಸ್ವರ ‘ರ’ದ ಆಮೇಲೆ. ಈ ಹೊರಳಿಕೆಯನ್ನು ಒಪ್ಪುವವರು ಹೃದಯವಾದಿಗಳು, ಒಪ್ಪದವರು ಬೆನ್ವೆನಿಸ್ಟನ ಬೆಂಚಿಗೆ ಹೋಗುತ್ತಾರೆ.

ರಾತ್ರಿಪಾಳಿ:

ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ದಡ್ಡ ಪ್ರಶ್ನೆ. ಎಲ್ಲರೂ ಕ್ರೆದ್ ಎನ್ನುತ್ತೀರಿ, ಲ್ಯಾಟಿನ್ ಪದ ಮಾತ್ರ ಕ್ರೇದೋ. ದೀರ್ಘ ಎಲ್ಲಿಂದ ಬಂತು?

ಧಾತುಪಾಠ:

ದಡ್ಡ ಪ್ರಶ್ನೆಯಲ್ಲ, ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ‘ದ್’ ಮತ್ತು ‘ಧ’ ಎದುರುಬದುರಾದರೆ ನಡುವೆ ಆ ಜಮೀನಿನ ‘ಜ್’ ದನಿ ಹುಟ್ಟುತ್ತಿತ್ತು. ಅವೆಸ್ತದ ಜ್ರಜ್ದಾದಲ್ಲಿ ಅದು ಇನ್ನೂ ಕೂತಿದೆ ನೋಡಿ. ಲ್ಯಾಟಿನ್ನಿನಲ್ಲಿ ಕ್ರೆಜ್ದೋ ಎಂದಾಗಿ, ಆ ‘ಜ್’ ಉದುರಿ, ಅದರ ಬಾಕಿಯನ್ನು ಹಿಂದಿನ ಸ್ವರ ತೀರಿಸಿತು: ಕ್ರೇದೋ.

ಇದನ್ನು ನೀನು ಸಂಸ್ಕೃತದಲ್ಲೂ ಕೇಳಿದ್ದೀಯ. ಉಪನಯನದಲ್ಲಿ ವಟು ‘ಭವತಿ ಭಿಕ್ಷಾಂ ದೇಹಿ’ ಎನ್ನುತ್ತಾನಲ್ಲ, ಆ ದೇಹಿ ಎಲ್ಲಿಂದ ಬಂತು? ದದ್-ಧಿ ಇದ್ದದ್ದು ದಜ್-ಧಿ ಆಗಿ, ‘ಜ್’ ಉದುರಿ, ದೇಹಿ. ಋಗ್ವೇದದಲ್ಲಿ ‘ದದ್ಧಿ’ ಎಂಬ ರೂಪವೂ ಸಿಗುತ್ತದೆ. ಹಕ್ಕಿಗೂಡಿಗೆ ಸಂಸ್ಕೃತದಲ್ಲಿ ನೀಡ, ಲ್ಯಾಟಿನ್ನಿನಲ್ಲಿ ನೀದುಸ್. ಎರಡೂ ಕಡೆ ‘ನಿಜ್ದ’ದಂಥ ರೂಪ, ಎರಡೂ ಕಡೆ ‘ಜ್’ ಮಾಯ, ಎರಡೂ ಕಡೆ ದೀರ್ಘ. ಹಾಗಾದರೆ ಶ್ರದ್ಧಾ ಏಕೆ ‘ಶ್ರೇಧಾ’ ಆಗಲಿಲ್ಲ? ಟೀಚರು ಹೇಳಿದ ಕೀಲು ಅದಕ್ಕೆ ಕಾರಣ. ಶ್ರದ್ ಬೇರೆ, ಧಾ ಬೇರೆ ಎಂದು ಬಾಯಿಗೆ ಗೊತ್ತಿದ್ದಷ್ಟು ಕಾಲ ಬೆಸುಗೆ ಸವೆಯಲಿಲ್ಲ.

ಪೂಜೆಯ ಹುಡುಗ:

ರೋಮನ್ನರಿಗೆ ಕೀಲು ಮರೆತದ್ದಕ್ಕೆ ಇನ್ನೊಂದು ಗುರುತು. ಹಳೆಯ ರೋಮನ್ ನಾಟಕಕಾರ ಪ್ಲೌಟುಸನ ನಾಟಕಗಳಲ್ಲಿ ‘ಕ್ರೇದುಆಸ್’ ಎಂಬಂಥ ವಿಚಿತ್ರ ರೂಪಗಳಿವೆ. ಅವು ‘ಕೊಡು’ ಎಂಬರ್ಥದ ದೋ ಧಾತುವಿನ ಮಾದರಿಯಲ್ಲಿ ನಡೆಯುತ್ತವೆ. ಇಡು ಹೋಗಿ ಕೊಡು ಬಂದು ಕುಳಿತಿತ್ತು. ಎರಡೂ ಧಾತುಗಳು ಸವೆದು ‘ದ’ ಆಗಿದ್ದರಿಂದ ಯಾರದು ಯಾವುದು ಎಂದು ಅವರಿಗೇ ತಿಳಿಯುತ್ತಿರಲಿಲ್ಲ.

ಪದಪಾಠ:

ಗ್ರೀಕರ ಬಳಿ ಈ ಪದ ಏಕಿಲ್ಲ? ಹೊಸ ಒಡಂಬಡಿಕೆ ಗ್ರೀಕಿನಲ್ಲೇ ಇರುವುದಲ್ಲವೇ?

ಧಾತುಪಾಠ:

ಇಲ್ಲ. ಅವರದು ಪಿಸ್ತಿಸ್, ಅದು ಲ್ಯಾಟಿನ್ನಿನ ಫಿದೇಸ್‌ನ ಬಳಗ. ಇಂಗ್ಲಿಷಿನ ಬಿಲೀವ್ ಮತ್ತೊಂದು ಬಳಗ, ಲವ್‌ನ ಸಂಬಂಧಿ, ಅಂದರೆ ನಮ್ಮ ಲೋಭದ ದೂರದ ದಾಯಾದಿ. ನಮ್ಮ ಪದ ಇರುವುದು ಪಶ್ಚಿಮದ ತುದಿಯ ಲ್ಯಾಟಿನ್ ಮತ್ತು (ಐರಿಷ್ ಸೇರಿದ) ಕೆಲ್ಟಿಕ್ ಭಾಷೆಗಳಲ್ಲಿ, ಪೂರ್ವದ ತುದಿಯ ಸಂಸ್ಕೃತ ಮತ್ತು ಅವೆಸ್ತಗಳಲ್ಲಿ. ನಡುವೆ ಬಯಲು. 1918ರಲ್ಲಿ ಜೋಸೆಫ್ ವಾಂದ್ರಿಯೇಸ್ ಎಂಬ ಫ್ರೆಂಚ್ ವಿದ್ವಾಂಸ ಇಂಥ ಪದಗಳನ್ನು ಒಟ್ಟುಮಾಡಿ ತೋರಿಸಿದ. ರಾಜನ್, ಲ್ಯಾಟಿನ್ನಿನ ರೇಕ್ಸ್, ಐರಿಷಿನ ರೀ ಕೂಡ ಹಾಗೇ. ಅಂಚಿನ ಹಳ್ಳಿಗಳಲ್ಲಿ ಹಳೆಯ ಪದ್ಧತಿ ಉಳಿದು, ನಡುವಿನ ಪೇಟೆಯಲ್ಲಿ ಮರೆತುಹೋಗುವುದುಂಟಲ್ಲ, ಹಾಗೆ.

ಹಳೇ ಕಾರ್ಯದರ್ಶಿ:

ಎರಡು ದಿನ ಇದನ್ನೇ ಮೆಲುಕು ಹಾಕಿದೆ. ಪಂಡಿತನಲ್ಲ, ಕಿರಾಣಿ ಅಂಗಡಿಯ ಮುಂದೆ ನಿಂತು ಹೊಳೆದದ್ದನ್ನು ಹೇಳುತ್ತೇನೆ. ‘ಇಂದು ನಗದು, ನಾಳೆ ಸಾಲ’ ಎಂಬ ಹಳೆಯ ಬೋರ್ಡಿನ ಕೆಳಗೆ ಅಂಗಡಿಯವನು ಒಬ್ಬ ಮುದುಕಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ನಾವು ಮನಸ್ಸು ಇಡುತ್ತೇವೆ. ನಂಬಿಕೆ ಇಡುತ್ತೇವೆ. ಒಡವೆಯನ್ನು ಅಡವು ಇಡುತ್ತೇವೆ. ಧರ್ಮರಾಯ ಹೆಂಡತಿಯನ್ನು ಪಣಕ್ಕೆ ಇಟ್ಟ. ಹೃದಯವಾದಿಗಳೂ ಒತ್ತೆವಾದಿಗಳೂ ಜಗಳವಾಡುವ ಜಾಗದಲ್ಲಿ ಕನ್ನಡ ಎರಡಕ್ಕೂ ಒಂದೇ ‘ಇಡು’ವನ್ನು ಕೊಟ್ಟು ಸುಮ್ಮನಿದೆ, ಯಾರಿಂದಲೂ ಎರವಲು ತರದೆ. ನನ್ನ ಮುಂದೆ ಕುಳಿತು ಸರವನ್ನು ಬಟ್ಟೆಯ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟ ಹೆಂಗಸರನ್ನು ನೋಡಿದ್ದೇನೆ. ಇಟ್ಟ ಮೇಲೂ ಎರಡು ಕ್ಷಣ ಬೆರಳು ಅದರ ಮೇಲೇ ಇರುತ್ತಿತ್ತು. ಅವರು ಇಟ್ಟದ್ದು ಒತ್ತೆಯೋ ಹೃದಯವೋ ಎಂದು ಬೆನ್ವೆನಿಸ್ಟರು ಬಂದು ಹೇಳಲಿ.

ನಮ್ಮ ‘ಪತ್ತು’ ಬೇರೆಯೇ ಮನೆಯದು, ಮರಾಠಿಯ ಪತಸಂಸ್ಥೆಯ ಪಕ್ಕ ನಿಲ್ಲುವಂಥದ್ದು. 1904ರ ಸಹಕಾರ ಸಂಘಗಳ ಕಾಯ್ದೆಯ ಹೆಸರಿನಲ್ಲೇ ಕ್ರೆಡಿಟ್ ಇತ್ತು, ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು ಎಂದು ನಮಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ರೋಮಿನ ಆ ಕ್ರಿಯಾಪದ ಕಾಯ್ದೆಯ ಬೆನ್ನೇರಿ ಜೋಳದ ಹೊಲದವರೆಗೆ ಬಂದಿತ್ತು ಎಂದು ಯಾರೂ ಹೇಳಿರಲಿಲ್ಲ.

ರಾತ್ರಿಪಾಳಿ:

ಸರ್, ಷಡ್ಡಕರಿಗೆ ತಿದ್ದಿ ಬರೆದಿರಾ?

ಹಳೇ ಕಾರ್ಯದರ್ಶಿ:

ಬರೆದೆ. ಎರಡು ಪದಗಳೂ ಅಕ್ಕತಂಗಿಯರು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ, ಇಬ್ಬರಿಗೂ ತಾಯಿಯಾದ ಭಾಷೆ ಈಗ ಉಳಿದಿಲ್ಲ ಎಂದು ಹದಿನಾಲ್ಕು ಸಾಲು, ಹೃದಯ ಮತ್ತು ಹಕ್ಕಿಗೂಡಿನ ಸಮೇತ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಬಹಳ ಚೆನ್ನಾಗಿ ವಿವರಿಸಿದ್ದೀರಿ ಭಾವ, ಸಂಸ್ಕೃತದಿಂದಲೇ ಬಂತು ಎಂದು ಈಗ ಖಾತ್ರಿಯಾಯಿತು.’